ಅಲುಗದ ನೆಲ ಹುಡುಕಿ ಬಂದ ಪೆಟ್ಟಿಗೆ

ಚಿಂತೆ ಮಾಡಲು ನನಗೆ ಕಾರಣವೇ ಬೇಕಿಲ್ಲ. ಬಸ್ಸು ಬರದಿದ್ದರೆ ಬರಲಿಲ್ಲವೆಂದು, ಬಂದರೆ ಇಷ್ಟು ಬೇಗ ಯಾಕೆ ಬಂತೆಂದು ಚಿಂತಿಸುವವನು ನಾನು. ಆದರೂ ಕಾಲ ಕೆಳಗಿನ ನೆಲದ ಬಗ್ಗೆ ಚಿಂತಿಸಿದ್ದು ಬದುಕಿನಲ್ಲಿ ಒಂದೇ ಸಲ. ಅದು ಎರಡು ಸಾವಿರದ ಏಳರ ಆಚೀಚೆಯ ಮಾತು. ಆಗ ಕೊಟ್ಟೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಮನೆಯಲ್ಲಿ ನಾನು, ಅವ್ವ, ಮತ್ತು ನನ್ನ ಚಿಂತೆ.

ಕಂಪ್ಯೂಟರಿನ ಚಿಪ್ ತಯಾರಿಸುವ ಕಾರ್ಖಾನೆ ಹಾಕುವವರಿಗೆ ಖರ್ಚಿನಲ್ಲಿ ತಾನೂ ಪಾಲು ಕೊಡುವುದಾಗಿ ಸರ್ಕಾರ ಹೇಳಿತ್ತು. ಹೇಳಿದ ಮೇಲೆ ಅದಕ್ಕೆ ತಕ್ಕ ಜಾಗವೂ ಬೇಕಲ್ಲ. ಯಾವುದೋ ಸಂಶೋಧನಾ ಸಂಸ್ಥೆಯ ಹುಡುಗ ಇಂಜಿನಿಯರೊಬ್ಬ ಜೀಪಿನಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಇಟ್ಟುಕೊಂಡು ನಮ್ಮ ಕಡೆ ಬಂದ. ಚಿಪ್ಪಿನ ಮೇಲೆ ಕೂದಲಿಗಿಂತ ಎಷ್ಟೋ ಸಣ್ಣ ಗೆರೆ ಕೊರೆಯುತ್ತಾರಂತೆ. ನೆಲ ಒಂದಿಷ್ಟು ಅದುರಿದರೂ ಗೆರೆ ಕೆಟ್ಟಿತು. ಎಲ್ಲಿಯ ನೆಲ ಸುಮ್ಮನಿದೆ ಎಂದು ಆ ಪೆಟ್ಟಿಗೆ ಹೇಳುತ್ತಿತ್ತು. ಕೂಡ್ಲಿಗಿಯಲ್ಲಿ ಹೆದ್ದಾರಿಯ ಲಾರಿಗಳು ಅದನ್ನು ಸುಮ್ಮನಿರಲು ಬಿಡಲಿಲ್ಲ. ನಮ್ಮ ಸೀಮೆಯದೇ ಅರಸೀಕೆರೆಯಲ್ಲಿ ಸಂತೆ ಬಿಡಲಿಲ್ಲ.

ನಮ್ಮೂರ ಮಿರ್ಚಿ ಬಜ್ಜಿ ಅಂಗಡಿಯ ಬೆಂಚಿನ ಮೇಲೆ ಕೂತಿದ್ದವರಿಗೆ ಆನಂದವೋ ಆನಂದ. “ನಮ್ಮೂರಾಗ ಇಡ್ರಿ ಸಾಹೇಬ್ರ. ಹಳಿ ಅದಾವ, ರೈಲಿಲ್ಲ. ದೊಡ್ಡ ಫ್ಯಾಕ್ಟರಿ ಇಲ್ಲ. ಇಲ್ಲಿ ಯಾವುದೂ ಅಲುಗಾಡಂಗಿಲ್ಲ. ಆಫೀಸಿನಾಗ ಫೈಲ್ ಸೈತ ಅಲುಗಾಡಂಗಿಲ್ಲ ನೋಡ್ರಿ.”

ಊರಿನಲ್ಲಿ ಇಲ್ಲದ್ದೆಲ್ಲ ಅರ್ಹತೆಯಾದದ್ದು ಅದೇ ಮೊದಲು.

ನಮ್ಮ ಮನೆ ನಿಂತಿರುವುದು ಬಂಡೆಯ ಮೇಲೆ. ಹಿತ್ತಲ ಕೋಣೆಗಂತೂ ಬಂಡೆಯೇ ನೆಲ. ಇಂಜಿನಿಯರ್ ಅದನ್ನು ಕಂಡು ಹೆಣ್ಣು ಒಪ್ಪಿದವನಂತೆ ನಕ್ಕ. ಬಂಡೆಗೆ ನಾಲ್ಕು ಬೋಲ್ಟು ಹೊಡೆದು ಪೆಟ್ಟಿಗೆ ಬಿಗಿದು, “ಸಾರ್, ಸ್ವಲ್ಪ ನೋಡ್ಕೊಳ್ಳಿ” ಎಂದು ಹೇಳಿಹೋದ.

ನನಗೆ ಹಾಗೆ ಹೇಳಬಾರದಿತ್ತು. ಅಂದಿನಿಂದ ಕಾರ್ಖಾನೆ ಊರಿಗೆ ಬರುವುದೂ ಬಿಡುವುದೂ ನನ್ನ ಹಿಮ್ಮಡಿಯಲ್ಲಿದೆ ಎನ್ನಿಸತೊಡಗಿತು. ನಾಳೆ ಊರಿನವರು “ಈ ಮೇಷ್ಟ್ರ ಮನಿಯಿಂದ ಎಲ್ಲಾ ಹಾಳಾತು” ಎಂದರೆ ಯಾವ ಮುಖ ಹೊತ್ತು ಮಿರ್ಚಿ ತಿನ್ನಲು ಹೋಗುವುದು? ಮನೆಯೊಳಗೆ ತುದಿಗಾಲಲ್ಲಿ ನಡೆದೆ. ಸೀನು ಬಂದರೆ ಬೀದಿಗೆ ಓಡಿದೆ. ಎಮ್ಮೆಯನ್ನು ಬೇರೆಯವರ ಕೊಟ್ಟಿಗೆಗೆ ಸಾಗಿಸಿದೆ. ಪಕ್ಕದ ಮನೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ ಚಾಚಾನಿಗೆ ಕೈ ಮುಗಿದು, ಪೆಟ್ಟಿಗೆ ಇರುವ ತನಕ ಸುತ್ತಿಗೆ ಮುಟ್ಟಬೇಡ ಎಂದೆ.

“ಆಯ್ತು ಮೇಷ್ಟ್ರೇ, ಊರಿಗೆ ಒಳ್ಳೇದಾಗೋದಾದ್ರ ನಾ ಯಾಕ ಬ್ಯಾಡನ್ಲಿ” ಎಂದು ಚಾಚಾ ಸುತ್ತಿಗೆ ಕೆಳಗಿಟ್ಟ.

ಇಂಜಿನಿಯರ್ ದಿನಾ ಬೆಳಿಗ್ಗೆ ಬಂದು ಪೆಟ್ಟಿಗೆಯ ವೈರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡುತ್ತಿದ್ದ. ಮನೆಗೆ ಬಂದವನನ್ನು ಅವ್ವ ಬರಿ ಹೊಟ್ಟೆಯಲ್ಲಿ ಕಳಿಸುವವಳಲ್ಲ. ಬಿಸಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಮೊದಲ ದಿನ ಅರ್ಧ ರೊಟ್ಟಿಗೆ ಹೆದರಿದ ಹುಡುಗ ಕ್ರಮೇಣ ಧೈರ್ಯ ತಂದುಕೊಂಡ.

ಒಂದು ಬೆಳಿಗ್ಗೆ ಅವನು ಮುಖ ಸಣ್ಣ ಮಾಡಿ ಹೇಳಿದ: “ಸಾರ್, ಒಂದು ತೊಂದ್ರೆ. ದಿನಾ ಬೆಳಿಗ್ಗೆ ಏನೋ ಬಡಿತ ಕಾಣ್ತಿದೆ. ಸ್ವಲ್ಪ ಹೊತ್ತು ಬರುತ್ತೆ, ನಿಲ್ಲುತ್ತೆ, ಮತ್ತೆ ಬರುತ್ತೆ. ದಿನದಿಂದ ದಿನಕ್ಕೆ ಜಾಸ್ತಿ ಬೇರೆ ಆಗ್ತಿದೆ. ಹೀಗೇ ಇದ್ರೆ ಈ ಜಾಗ ಬಿಟ್ಟುಬಿಡ್ಬೇಕಾಗುತ್ತೆ.”

ನನ್ನ ಎದೆಯ ಬಡಿತ ಆ ಪೆಟ್ಟಿಗೆಗೆ ಕೇಳಿಸದೆ ಇರಲೆಂದು ಎರಡು ಹೆಜ್ಜೆ ಹಿಂದೆ ಸರಿದೆ. ಆಮೇಲೆ ನೇರ ಚಾಚಾನ ಮನೆಗೆ ಹೋಗಿ, ಕದ್ದು ಸುತ್ತಿಗೆ ಹೊಡೀತಿಯಾ ಎಂದು ಕೇಳಿಯೇಬಿಟ್ಟೆ. ಚಾಚಾನಿಗೆ ಸಿಟ್ಟು ನೆತ್ತಿಗೇರಿತು. “ಕೆಲಸ ಬಿಟ್ಟು ಕುಂತೀನಿ, ಕಳ್ಳ ಅಂತ ಬ್ಯಾರೆ ಅನ್ಸ್ಕೋಬೇಕೇನು? ನಡೀರಿ, ಆ ಸಾಹೇಬ್ರ ಮುಂದೇ ಮಾತಾಡೋಣ” ಎಂದು ನನ್ನನ್ನೇ ಎಳೆದುಕೊಂಡು ಬಂದ.

ಇಂಜಿನಿಯರ್ ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದ. “ಎಂಥಾ ಬಡಿತ ಹೇಳ್ರಿ. ಸುತ್ತಿಗಿ ಬಡಿತ ನಂಗ ಗೊತ್ತಾಗ್ತೈತಿ” ಎಂದ ಚಾಚಾ.

ಇಂಜಿನಿಯರ್ ಎಡಗೈಯಿಂದ ನೆಲದ ಮೇಲೆ ಬಡಿದು ತೋರಿಸಿದ. ಪಟ ಪಟ ಪಟ ಪಟ. ಕೈ ತಡೆದ. ಮತ್ತೆ ಪಟ ಪಟ ಪಟ.

ಅಡಿಗೆಮನೆಯಿಂದ ಉತ್ತರ ಬಂತು. ಪಟ ಪಟ ಪಟ ಪಟ. ತುಸು ಬಿಡುವು. ಪಟ ಪಟ ಪಟ.

ಇಂಜಿನಿಯರ್ ಕೈಯಲ್ಲಿದ್ದ ತುತ್ತನ್ನು ಹೊಸದಾಗಿ ಕಂಡವನಂತೆ ನೋಡಿದ.

“ಸಾಹೇಬ್ರ,” ಚಾಚಾ ಮೆತ್ತಗೆ ಅಂದ, “ನೀವು ತಿನ್ನಾಕತ್ತಿರೋದು ಅದನ್ನ. ದಿನಾ ಜಾಸ್ತಿ ಆಗಾಕತ್ತೈತಿ ಅಂದ್ರಲ್ಲ, ಈಗ ಎಷ್ಟನೇ ರೊಟ್ಟಿ ಅದು?”

ಅವ್ವ ಹೊರಗೆ ಬಂದಳು. ಪೆಟ್ಟಿಗೆ ಇರುವ ತನಕ ರೊಟ್ಟಿ ಬಡಿಯಬೇಡವೆಂದು ನಾನು ಬೇಡಿಕೊಂಡೆ. ಅವಳು ಹಿಟ್ಟಿನ ಕೈಯನ್ನು ಸೊಂಟಕ್ಕಿಟ್ಟು ಕೇಳಿದಳು: “ರೊಟ್ಟಿ ಬಡದ್ರ ಕೆಡೋ ಕಾರ್ಖಾನಿ ಈ ಊರಾಗ ಎಷ್ಟು ದಿನ ಬಾಳ್ತೈತಿ? ಮನಿಗೊಂದು ರೊಟ್ಟಿ ಹಲಗಿ ಐತಿ ಇಲ್ಲಿ.”

ಕೇಳಬೇಕಾದ ಪ್ರಶ್ನೆಯೇ. ಆದರೆ ನನ್ನ ಮುಖ ನೋಡಿ ಅವಳಿಗೆ ಕರುಣೆ ಬಂತು. ಒಲೆಯ ಮೇಲೆ ಉಪ್ಪಿಟ್ಟು ಏರಿತು. ಮರುದಿನವೂ ಉಪ್ಪಿಟ್ಟು, ಅದರ ಮರುದಿನವೂ ಉಪ್ಪಿಟ್ಟು. ಲ್ಯಾಪ್‌ಟಾಪಿನಲ್ಲಿ ಗೆರೆ ನೀಟಾಗಿ ಮಲಗಿತು. ಇಷ್ಟು ಶಾಂತ ನೆಲವನ್ನು ತಾನು ಎಲ್ಲೂ ಕಂಡಿಲ್ಲ ಎಂದು ಇಂಜಿನಿಯರ್ ಹೇಳಿದ. ಸಾವಿನ ಮನೆಗೆ ಬಂದವನ ದನಿಯಲ್ಲಿ ಹೇಳಿದ.

ಪೆಟ್ಟಿಗೆ ಬಿಚ್ಚುವ ದಿನ ಬಂದಾಗ ಅವನು ಅಡಿಗೆಮನೆಯ ಬಾಗಿಲಲ್ಲಿ ನಿಂತು, “ಅಮ್ಮ, ದಾರಿಗೆ ನಾಲ್ಕು ರೊಟ್ಟಿ…” ಎಂದ. ಅವ್ವ ಕಾಯುತ್ತಿದ್ದವಳಂತೆ ಹಿಟ್ಟು ನಾದಿದಳು. ಪಟ ಪಟ ಶುರುವಾಯಿತು. ಪೆಟ್ಟಿಗೆ ಇನ್ನೂ ಆಫ್ ಆಗಿರಲಿಲ್ಲ. ನಾನು ಬೊಬ್ಬೆ ಹೊಡೆಯಲು ಬಾಯಿ ತೆರೆದೆ. “ಇರ್ಲಿ ಬಿಡಿ ಸಾರ್” ಎಂದ ಆ ಪುಣ್ಯಾತ್ಮ, ತೆರೆಯ ಮೇಲೆ ಕುಣಿಯುವ ಗೆರೆಯನ್ನೇ ನೋಡುತ್ತಾ. ಗೆರೆ ತುಸು ನಿಂತಿತು. “ಈಗ ಒಂದು ಬೆಂದಿರಬೇಕು ಅಲ್ವಾ?”

ಕಾರ್ಖಾನೆ ಬರಲಿಲ್ಲ. ನೆಲ ಸುಮ್ಮನಿದ್ದರೆ ಸಾಲದು, ಬೇಕಾದಷ್ಟು ನೀರಿರಬೇಕು, ಕರೆಂಟು ಒಮ್ಮೆಯೂ ಹೋಗಬಾರದು ಎಂದು ಅವನು ಹೋಗುವ ಮುಂಚೆಯೇ ಮಿರ್ಚಿ ಅಂಗಡಿಯಲ್ಲಿ ವಿವರಿಸಿದ್ದ. ಕರೆಂಟಿನ ಮಾತಿಗೆ ಬೆಂಚಿನವರೆಲ್ಲ ಮನಸಾರೆ ನಕ್ಕಿದ್ದರು. ಆದರೂ ಊರು ಒಪ್ಪಿಕೊಂಡ ಕಾರಣ ಬೇರೆ, ನಮ್ಮ ಮನೆಯ ರೊಟ್ಟಿ. ಇವತ್ತಿಗೂ ನಾನು ಬೆಂಚಿನ ಬಳಿ ಹೋದರೆ ಯಾರೋ ಒಬ್ಬರು ಸರಿದು ಜಾಗ ಕೊಡುತ್ತಾ, “ಬರ್ರಿ ಮೇಷ್ಟ್ರೇ, ಮೆತ್ತಗ ಕುಂದ್ರಿ, ನೆಲ ಅಲುಗೀತು” ಎನ್ನುತ್ತಾರೆ. ನಾನು ಯಾವುದಕ್ಕೆ ಹೆದರಿದ್ದೆನೋ ಅದೇ ಆಯಿತು. ಆದರೆ ಹಾಗೆಂದವರೇ ಮಿರ್ಚಿಯ ತಟ್ಟೆಯನ್ನು ನನ್ನ ಕಡೆ ತಳ್ಳುತ್ತಾರೆ ಎಂಬುದು ನನ್ನ ಹೆದರಿಕೆಯ ಲೆಕ್ಕದಲ್ಲಿ ಇರಲಿಲ್ಲ.

ಬಂಡೆಗೆ ಕಚ್ಚಿದ ಬೋಲ್ಟುಗಳು ಮಾತ್ರ ಕೀಳಲು ಬರಲಿಲ್ಲ. ಅವ್ವ ತನ್ನ ರೊಟ್ಟಿ ಹಲಗೆಯನ್ನು ಹಿತ್ತಲ ಕೋಣೆಗೆ ಒಯ್ದು ಅವುಗಳ ನಡುವೆ ಸಿಕ್ಕಿಸಿದಳು. ಎಷ್ಟು ಬಡಿದರೂ ಹಲಗೆ ಈಗ ಜರುಗುವುದಿಲ್ಲ. ಚಿಪ್ಪಿಗಾಗಿ ಸರ್ಕಾರ ಕೊಟ್ಟ ನೆರವಿನಲ್ಲಿ ನಮ್ಮೂರಿಗೆ ತಲುಪಿದ್ದು ಆ ನಾಲ್ಕು ಬೋಲ್ಟು ಅಷ್ಟೇ.

ಈಚೆಗೆ ಚಿಪ್ ಕಾರ್ಖಾನೆಗಳಿಗೆ ಮತ್ತೆ ನೆರವು ಕೊಡುತ್ತಾರೆಂದು ಪೇಪರಿನಲ್ಲಿ ಓದಿದಾಗಿನಿಂದ ನನಗೆ ಹೊಸ ಚಿಂತೆ. ಯಾರಾದರೂ ಬಂದು ಬೋಲ್ಟು ವಾಪಸು ಕೇಳಿದರೆ?

“ಬಂದ್ರ ಬರ್ಲಿ,” ಅವ್ವ ಹಲಗೆಯಿಂದ ತಲೆ ಎತ್ತದೆ ಅಂದಳು. “ರೊಟ್ಟಿ ತಿಂದು ಹೋಗ್ತಾನ.”