ಮುಖಪುಟದ ನಗು

ಸುಟ್ಟ ಮೋಟರಿಗೆ, ಫ್ಯಾನಿಗೆ ತಾಮ್ರದ ತಂತಿ ಸುತ್ತಿಕೊಡುವುದೇ ಕಸುಬಾದ್ದರಿಂದ ಬೀದಿಯವರೆಲ್ಲ ಅವಳನ್ನು ವೈಂಡಿಂಗಮ್ಮ ಎನ್ನುತ್ತಿದ್ದರು. ಮೊದಲು ಆ ಅಂಗಡಿ ಗಂಡನದು. ಅವನು ವೈರ್‌ಮನ್. ಕೈಯಲ್ಲಿ ಕಟರ್ ಇದ್ದರೂ ವೈರನ್ನು ಹಲ್ಲಿನಿಂದ ಕಚ್ಚಿ ಸುಲಿಯುವ ಚಾಳಿ ಅವನಿಗೆ. ಹಾಗೆ ಸುಲಿದೂ ಸುಲಿದೂ ಸ್ವಂತ ಹಲ್ಲು ಹಾಳು ಮಾಡಿಕೊಂಡು, ಪ್ರಾಯದಲ್ಲೇ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡ. ಬುದ್ಧಿ ಬಂತೇ? ಸೆಟ್ಟಿನಲ್ಲೂ ವೈರು ಸುಲಿದ. ಮೇಲಿನ ಸಾಲಿನ ಮುಂದಿನ ಹಲ್ಲಿನಲ್ಲಿ ವೈರು ಕೂರುವಷ್ಟು ಒಂದು ಕಚ್ಚು ಬಿತ್ತು. “ನಾಯಿ ಬಾಲ ಯಾವತ್ತೂ ಡೊಂಕೇ” ಎಂದು ವೈಂಡಿಂಗಮ್ಮ ಬೈದರೆ, ಆ ಕಚ್ಚಿನಲ್ಲೇ ಗಾಳಿ ಬಿಟ್ಟು ಶಿಳ್ಳೆ ಹೊಡೆದು ಅವಳನ್ನು ನಗಿಸಿಬಿಡುತ್ತಿದ್ದ.

ಆಮೇಲೆ ಕ್ರಾಂತಿಯಾಯಿತು. ಹಳೆಯ ಸರ್ಕಾರ ಓಡಿಹೋಗಿ ಹೊಸದು ಬಂತು. ಸಮುದ್ರದಾಚೆಯ ದೊಡ್ಡ ದೇಶಕ್ಕೆ ಅದು ಹಿಡಿಸಲಿಲ್ಲ; ವ್ಯಾಪಾರ ನಿಲ್ಲಿಸಿತು. ಓದಿದವರು ದಿಗ್ಬಂಧನ ಎಂದರು, ಬೀದಿಯವರು ಹಡಗು ನಿಂತ ಕಾಲ ಎಂದರು. ಸಾಬೂನಿಲ್ಲ, ತಂತಿಯಿಲ್ಲ, ಔಷಧಿಯಿಲ್ಲ. ಏಣಿಯಿಂದ ಬಿದ್ದ ಗಂಡನ ಕಾಲಿನ ಗಾಯ ಕೀವಾಗಿ, ಚುಚ್ಚಲು ಮದ್ದು ಸಿಗದೆ ಅವನು ಸತ್ತ. ಅಂಗಡಿ ಹೆಂಡತಿಯ ತಲೆಗೆ ಬಂತು. ಸುಟ್ಟ ಎರಡು ಫ್ಯಾನ್ ಬಿಚ್ಚಿ, ಸರಿಯಿದ್ದಷ್ಟು ತಂತಿ ಆರಿಸಿ, ವಾರ್ನಿಷ್ ಹಚ್ಚಿ ಒಂದಕ್ಕೆ ಸುತ್ತುತ್ತಿದ್ದಳು. ಬೆರಳ ತುದಿ ಸದಾ ಸೀಳಿರುತ್ತಿತ್ತು. ಹಾಗೆ ಒಬ್ಬ ಮಗಳನ್ನು ಸಾಕಿ ದಡ ಮುಟ್ಟಿಸಿದಳು.

ಈಗ ಆ ಮಗಳ ಮಗಳು ಕಾಲೇಜಿನಲ್ಲಿದ್ದಾಳೆ. ಅವಳಿಗೆ ಪ್ರಾಜೆಕ್ಟು ಕೊಟ್ಟಿರುವ ವಿಷಯವೇ ಕ್ರಾಂತಿ ಮತ್ತು ದಿಗ್ಬಂಧನ. ರಜೆಯಲ್ಲಿ ಬಂದು ಫೋನು ಮುಂದಿಟ್ಟುಕೊಂಡು ಅಜ್ಜಿಯ ಮಾತು ರೆಕಾರ್ಡು ಮಾಡಿಕೊಂಡಳು. ಫ್ಯಾನಿನ ಕಥೆಗೆ ಹೂಂ, ಹೂಂ ಎಂದಳು ಅಷ್ಟೆ. ಹುಡುಗಿಯ ಮುಖ ಅರಳಿದ್ದು ಚಿಕ್ಕಜ್ಜನ ಮುಂದೆ.

ಚಿಕ್ಕಜ್ಜನೆಂದರೆ ವೈಂಡಿಂಗಮ್ಮನ ಮೈದುನ. ಆ ಕಾಲದಲ್ಲಿ ಬೀದಿ ಸಮಿತಿಯ ಮುಖಂಡ, ರೇಷನ್ ಚೀಟಿ ಹಂಚುತ್ತಿದ್ದವನು. ಹೆಂಡತಿ ಮಕ್ಕಳಿಲ್ಲ. ಅಂಗಡಿಯ ಮೇಲಿನ ಕೋಣೆಯಲ್ಲಿ ವಾಸ, ಅತ್ತಿಗೆಯ ಕೈ ಊಟ, ಬಾಯಿ ತುಂಬ ದೇಶದ ಮಾತು.

“ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಕೊಂಡು ದೇಶ ಉಳಿಸಿದೋರು ಮಗೂ ನಾವು. ನಂಗೆ ಅಂತ ಒಂದು ಗುಂಡುಸೂಜಿ ಮುಟ್ಟಿದೋನಲ್ಲ ನಾನು” ಎಂದು ಎದೆಯುಬ್ಬಿಸಿ ನಕ್ಕ.

ಹುಡುಗಿ ಟಕ್ಕನೆ ಫೋಟೋ ಹೊಡೆದು ಕೆಳಗೆ ಓಡಿ ಬಂದಳು. “ಅಜ್ಜೀ ನೋಡು, ಎಂಥಾ ನಗು! ಮುಖಪುಟಕ್ಕೆ ಇದೇ.”

ಫೋನಿನ ತುಂಬ ಆ ನಗು. ಮುಂದಿನ ಹಲ್ಲಿನಲ್ಲಿ ಕಚ್ಚು.

ವೈಂಡಿಂಗಮ್ಮ ಫೋನಿನಿಂದ ಮುಖ ತಿರುಗಿಸಿದಳು. ಗಂಡ ಸತ್ತ ದಿನ ಈ ಮೈದುನ, “ಅಣ್ಣನ ಹತ್ರ ಒಂದು ಗಳಿಗೆ ಒಬ್ನೇ ಇರ್ತೀನಿ ಅತ್ತಿಗೆ” ಎಂದು ಅಳುತ್ತ ಬಾಗಿಲು ಹಾಕಿಕೊಂಡಿದ್ದ. ತೆಗೆದಾಗ ಹೆಣದ ಬಾಯಿ ಗುಳಿಬಿದ್ದಿತ್ತು. ಸೆಟ್ಟು ಆಸ್ಪತ್ರೆಯಲ್ಲೇ ಕಳೆದಿರಬೇಕು ಅಂದ. ಹುಳುಕು ಹಿಡಿದು ಅವನ ಹಲ್ಲುಗಳೂ ಉದುರಿಹೋಗಿದ್ದವು; ಹಲ್ಲು ಕಟ್ಟುವ ಸಾಮಾನೂ ಹಡಗಿನಲ್ಲೇ ಬರಬೇಕಾಗಿದ್ದ ಕಾಲ. ಸತ್ತವರ ಸೆಟ್ಟು ತಂದುಕೊಟ್ಟರೆ ಅರದಿಂದ ಉಜ್ಜಿ ಬದುಕಿದ್ದವರಿಗೆ ಕೂರಿಸುವವನೊಬ್ಬ ಮಾರ್ಕೆಟ್ಟಿನ ಹಿಂದೆ ಇದ್ದ. ಅಣ್ಣತಮ್ಮಂದಿರ ದವಡೆ, ಹೆಚ್ಚು ಉಜ್ಜುವ ಕಷ್ಟವೂ ಬೀಳಲಿಲ್ಲವೇನೋ. ಕೆಲವು ತಿಂಗಳ ಮೇಲೆ ಮೈದುನ ಅದೇ ಬಾಗಿಲಲ್ಲಿ ನಿಂತು ಹಲ್ಲು ಕಿರಿದಾಗ ಅವಳು ಆ ಕಚ್ಚು ನೋಡಿದಳು. ಚೀಟಿ ಅವನ ಕೈಯಲ್ಲಿ, ಮಗು ಇವಳ ತೊಡೆಯಲ್ಲಿ. ನುಂಗಿಕೊಂಡಳು. ಸೆಟ್ಟು ಸಡಿಲವಾದಾಗಲೆಲ್ಲ ಒಳಗೆ ಅಂಟು ತುಂಬಿಸಿಕೊಂಡು ಇಂದಿಗೂ ಅದರಲ್ಲೇ ಅಗಿಯುತ್ತಾನೆ. “ಇಂಥಾ ಸೆಟ್ಟು ಈಗ ಯಾರು ಕಟ್ತಾರೆ” ಎಂದು ಹೊಗಳಿಕೊಳ್ಳುತ್ತಾನೆ ಬೇರೆ. ಅವನು ಉಣ್ಣುವಾಗ ವೈಂಡಿಂಗಮ್ಮ ಗೋಡೆ ನೋಡುತ್ತಾಳೆ.

“ಇದೊಂದು ಹಾಕ್ಬೇಡ ಪುಟ್ಟಿ” ಎಂದಳು.

“ಯಾಕಜ್ಜಿ? ಎಷ್ಟು ಚೆನ್ನಾಗಿದೆ!”

“ಬೇರೆ ಏನಾದ್ರೂ ಹಾಕ್ಕೋ. ಆ ಹಲ್ಲು ನಿಮ್ಮಜ್ಜಂದು ಕಣೇ.”

ಬಿಚ್ಚಿ ಹೇಳಿದಳು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು, “ಛೀ... ಅಯ್ಯೋ ಅಜ್ಜಿ, ಛೀ” ಎಂದಳು. ಇಷ್ಟು ವರ್ಷಕ್ಕೆ ತನ್ನ ಜೊತೆ ಒಬ್ಬಳಾದರೂ ಛೀ ಅಂದಳಲ್ಲ ಎಂದು ವೈಂಡಿಂಗಮ್ಮನಿಗೆ ಎದೆ ಹಗುರವಾಯಿತು. ಹುಡುಗಿ ದಡದಡ ಮೆಟ್ಟಿಲು ಹತ್ತಿದಳು. ಇವಳೂ ಮಂಡಿ ಹಿಡಿದುಕೊಂಡು ಹಿಂದೆಯೇ ಹೋದಳು.

ಮೈದುನನಿಗೆ ನಾಚಿಕೆಯೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. “ಹೌದು, ಏನೀಗ? ಸತ್ತೋನಿಗೆ ಅಗಿಯೋದೇನಿತ್ತು? ಮಣ್ಣಿಗೆ ಹೋಗೋದು ಬಾಯಿಗೆ ಬಂತು. ನಿಮ್ಮಜ್ಜಿ ಎರಡು ಫ್ಯಾನ್ ಬಿಚ್ಚಿ ಒಂದು ಮಾಡ್ಲಿಲ್ವಾ? ನಾನು ಮಾಡಿದ್ದೂ ಅದೇ.”

“ಫ್ಯಾನಿನ ಯಜಮಾನ್ರನ್ನ ಕೇಳಿ ಬಿಚ್ತಿದ್ದೆ ನಾನು.”

“ಹೆಣಾನ ಏನಂತ ಕೇಳೋದು ಅತ್ತಿಗೆ?”

“ನಾನು ಹೆಣ ಆಗಿದ್ನಾ? ಹೊಸ್ತಿಲಾಚೆ ನಿಂತಿದ್ದೆ.”

“ಕೇಳಿದ್ರೆ ಕೊಡ್ತಿದ್ರಾ ನೀವು?” ಎಂದು ನಕ್ಕ. ಎಂಜಲು ಅತ್ತಿಗೆಯ ಗಲ್ಲಕ್ಕೆ ಹಾರಿತು.

ವೈಂಡಿಂಗಮ್ಮ ಮೊಮ್ಮಗಳ ಮುಖ ನೋಡಿದಳು. ಛೀ ಎಂದ ಮುಖ ಅಲ್ಲಿರಲಿಲ್ಲ. ಜಾತ್ರೆಯಲ್ಲಿ ಬೊಂಬೆ ಕಂಡ ಮಗುವಿನ ಹಾಗೆ ಕಣ್ಣುಗಳು ಮಿನುಗುತ್ತಿದ್ದವು.

“ಅಜ್ಜೀ, ಇಂಥದ್ದು ಬೇರೆ ಯಾರ ಪ್ರಾಜೆಕ್ಟಲ್ಲೂ ಇರಲ್ಲ! ದಿಗ್ಬಂಧನದ ಕಾಲದಲ್ಲಿ ಜನರ ಜಾಣ್ಮೆ ಅಂತ ಒಂದು ಅಧ್ಯಾಯನೇ ಮಾಡ್ಬೋದು. ನಮ್ಮ ಮೇಡಂ ಕುಣಿದಾಡ್ತಾರೆ. ಚಿಕ್ಕಜ್ಜ, ಒಂದ್ಸಲ ತೆಗೆದು ಇಡ್ತೀರಾ? ಹತ್ತಿರದಿಂದ ಒಂದು ಫೋಟೋ.”

“ಅದಕ್ಕೇನಂತೆ!” ಎಂದು ಅವನು ಹೆಬ್ಬೆರಳು ಹಾಕಿ ಸೆಟ್ಟು ಕಳಚಿದ. ಎಂಜಲಿನ ಎಳೆ ತುಟಿಯಿಂದ ಜೋತು ಕಡಿಯಿತು. ಹುಡುಗಿ ಬಿಳಿ ಹಾಳೆ ಹಾಸಿದಳು. ಅವನು ಅದರ ಮೇಲಿಟ್ಟ. ಹಲ್ಲಿನ ಸಂದಿಯಲ್ಲಿ ಬೆಳಗಿನ ಊಟದ ಅಗುಳು ಸಿಕ್ಕಿಕೊಂಡಿತ್ತು. ವೈಂಡಿಂಗಮ್ಮ ತಾನೇ ಬೇಯಿಸಿ ಬಡಿಸಿದ ಅಗುಳು.

“ಅಜ್ಜಿ, ಸ್ವಲ್ಪ ಪಕ್ಕಕ್ಕೆ ಬಾ. ನಿನ್ನ ನೆರಳು ಬೀಳ್ತಿದೆ.”

ವೈಂಡಿಂಗಮ್ಮ ಪಕ್ಕಕ್ಕೆ ಸರಿಯಲಿಲ್ಲ. ಸೆಟ್ಟನ್ನು ಎತ್ತಿಕೊಂಡು ಮೆಟ್ಟಿಲಿಳಿದಳು. ಬೆಚ್ಚಗೆ, ಲೋಳೆಲೋಳೆಯಾಗಿ ಅದು ಅಂಗೈಗೆ ಅಂಟಿತು. ಅಂಗಡಿಯ ಮೇಜಿನ ಅಂಚಿನಲ್ಲಿ ಮೋಟರಿನ ದಂಡವನ್ನು ಅಲುಗದಂತೆ ಬಿಗಿಹಿಡಿಯುವ ಕಬ್ಬಿಣದ ವೈಸ್ ಇತ್ತು. ಅದರ ದವಡೆಯ ನಡುವೆ ಸೆಟ್ಟು ಇಟ್ಟಳು. ಬೆರಳು ಒಂದು ಕ್ಷಣ ಆ ಕಚ್ಚಿನ ಮೇಲೆ ನಿಂತಿತು. ಆಮೇಲೆ ಹಿಡಿ ತಿರುಗಿಸಿದಳು. ಫಟಾರ್ ಅಂತ ಸಿಡಿದು ಗುಲಾಬಿ ಬಣ್ಣದ ಚೂರುಗಳು ನೆಲದ ತುಂಬ ಚೆಲ್ಲಿದವು.

“ಅಜ್ಜೀ! ಫೋಟೋ ಆಗಿರ್ಲಿಲ್ಲ!” ಹಿಂದೆಯೇ ಓಡಿ ಬಂದ ಹುಡುಗಿ ಅಳುವ ದನಿಯಲ್ಲಿ ಕೂಗಿದಳು.

ಮೈದುನ ಮೆಟ್ಟಿಲ ತುದಿಯಲ್ಲಿ ಕಂಬಿ ಹಿಡಿದು ನಿಂತು ಏನೇನೋ ಕಿರುಚಿದ. ಒಳಕ್ಕೆ ಸೇರಿಹೋದ ಬಾಯಿಂದ ಒಂದು ಮಾತೂ ನೆಟ್ಟಗೆ ಹೊರಡಲಿಲ್ಲ.

“ಈಗ ಹಡಗು ಬರ್ತವಲ್ಲ, ಹೋಗಿ ಹೊಸದು ಕಟ್ಟಿಸ್ಕೋ” ಎಂದಳು ವೈಂಡಿಂಗಮ್ಮ.

ತಿರುಗಿ ನೋಡಿದರೆ ಮೊಮ್ಮಗಳು ಬಗ್ಗಿ ಒಂದು ಚೂರು ಎತ್ತಿಕೊಂಡು ಬೆಳಕಿಗೆ ಹಿಡಿಯುತ್ತಿದ್ದಾಳೆ, ಇನ್ನೊಂದು ಕೈಯಲ್ಲಿ ಫೋನು.

“ಕೆಳಗಿಡು.”

ಹುಡುಗಿ ಆ ದನಿಯನ್ನು ಹಿಂದೆಂದೂ ಕೇಳಿರಲಿಲ್ಲ. ಇಟ್ಟಳು.

“ಫೋನಿನೊಳಗಿರೋ ಆ ನಗೂನೂ ಅಳಿಸ್ಹಾಕು. ನನ್ನ ಕಣ್ಣೆದುರಿಗೆ.”

ಹುಡುಗಿ ತುಟಿ ಉಬ್ಬಿಸಿಕೊಂಡು, ಮುಖ ಅತ್ತ ತಿರುಗಿಸಿ, ಬೆರಳಿನಿಂದ ಆ ಫೋಟೋ ಅಳಿಸಿ ಹಾಕಿದಳು. ವೈಂಡಿಂಗಮ್ಮ ಪರದೆಯನ್ನು ಹತ್ತಿರ ಎಳೆದು ನೋಡಿ ಖಾತ್ರಿ ಮಾಡಿಕೊಂಡು, ಪೊರಕೆ ತರಲು ಹೋದಳು.