ಇನ್ನೇನು-ಬಂತು ಮಾವ

ರಾಷ್ಟ್ರೀಯ ಉದ್ಯಾನದ ಬೆಟ್ಟಗಳ ನಡುವೆ ಹೊಳೆಯ ದಂಡೆಗುಂಟ ಹೋಗಿ, ಸೇತುವೆ ದಾಟಿ, ಆಚೆ ದಡದಿಂದ ಹೊರಟಲ್ಲಿಗೇ ಮರಳುವ ಸುತ್ತುದಾರಿಯಲ್ಲಿ ಮನೆಮಂದಿಯನ್ನೆಲ್ಲ ನಡೆಸುವುದೆಂದರೆ ಮಾವನಿಗೆ ಎಲ್ಲಿಲ್ಲದ ಹುರುಪು. ಬೂಟಿನ ದಾರ ಕಟ್ಟುವಾಗಲೇ "ಇನ್ನೇನು ಬಂತು" ಎನ್ನುವ ಆಸಾಮಿ. ಏದುಸಿರು ಬಿಡುವವರಿಗೂ ಅದೇ ಮಾತು, ಎದುರಾದ ಅಪರಿಚಿತರಿಗೂ ಅದೇ. ಹೊಳೆಯನ್ನೂ ಹೀಗೆ ಹೇಳಿಯೇ ಸಮುದ್ರದವರೆಗೆ ನಡೆಸಿರಬೇಕೆಂದು ಸೊಸೆಯಂದಿರು ನಗುತ್ತಾರೆ. ಈ ಸಲ, ಮಂಡಿ ಆಪರೇಷನ್ ಆದಮೇಲೆ ಮೊದಲ ಬಾರಿ ಬಂದಿದ್ದ ಅವನ ಅಕ್ಕ ಸೇತುವೆಯ ಮೇಲೆ ಕುಳಿತೇಬಿಟ್ಟಳು. "ನಿಜ ಹೇಳೋ, ಇನ್ನೆಷ್ಟಿದೆ?" ಬಾಯಿ ತೆರೆದ ಮಾವ ಅವಳ ಮುಖ ನೋಡಿ ಆ ಮಾತು ನುಂಗಿಕೊಂಡ. "ಇನ್ನೂ ಅರ್ಧ ಇದೆ ಅಕ್ಕ. ಆಗದಿದ್ರೆ ವಾಪಸ್ ಹೋಗೋಣ." "ವಾಪಸ್ಸಿಗೆ ಎಷ್ಟು?" "ಅದೂ ಅರ್ಧಾನೇ." ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕೈ ಚಾಚಿದಳು: "ಎಬ್ಬಿಸು ಮತ್ತೆ. ನೋಡದೇ ಇರೋ ಕಡೆಗೇ ಹೋಗೋಣ."