ಎಡಗೈಗೊಂದು ಗೋಟಿ ಪಾನಾ

ಅಪ್ಪನ ಬಲಗೈ ಬಿದ್ದುಹೋದ ವರ್ಷ ನಾನು ಮನೆಯಲ್ಲಿ ಎಲ್ಲರ ಮೇಲೂ ಸಿಡುಕುತ್ತಿದ್ದೆ. ತೊಂಬತ್ತರ ದಶಕದ ನಡುವಿನ ಮಾತು. ಮರಾಠಿ ಸೀಮೆಯಲ್ಲಿ, ಖಡಕಿಯ ಮಿಲಿಟರಿ ಕಚೇರಿಯೊಂದರಲ್ಲಿ ಕಾರಕೂನನಾಗಿ ದುಡಿದು ನಿವೃತ್ತನಾದ ಅಪ್ಪ, ಬಿಬವೇವಾಡಿಯಲ್ಲಿ ಸಣ್ಣದೊಂದು ಮನೆ ಮಾಡಿ, ಇನ್ನು ನಿಶ್ಚಿಂತೆಯಿಂದ ಇರೋಣ ಎನ್ನುವಷ್ಟರಲ್ಲಿ ಲಕ್ವ ಹೊಡೆಯಿತು. ಕಾಲು ಬೇಗ ಚೇತರಿಸಿಕೊಂಡಿತು, ಮಾತೂ ಮರಳಿತು. ಬಲಗೈ ಮಾತ್ರ ತೊಡೆಯ ಮೇಲೆ ಇಟ್ಟಲ್ಲೇ ಇರುತ್ತಿತ್ತು.

ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಆ ಕೈ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎಡಗೈಯಿಂದ ಎಲ್ಲವನ್ನೂ ರೂಢಿ ಮಾಡಿಕೊಳ್ಳಲಿ, ಸುಮ್ಮನೆ ಕೂತರೆ ಹಾಸಿಗೆ ಹಿಡಿಯುತ್ತಾರೆ. ಅಪ್ಪ ಅಲ್ಲಿ ತಲೆಯಾಡಿಸಿದ, ಮನೆಗೆ ಬಂದು ಏನೂ ಮಾಡಲಿಲ್ಲ. ಎಡಗೈ ಯಾವ ಕೆಲಸಕ್ಕೆ ಎಂದು ನಮ್ಮ ಮಂದಿಗೆ ಬಿಡಿಸಿ ಹೇಳಬೇಕಾಗಿಲ್ಲ. ಚಿಕ್ಕವಳಿದ್ದಾಗ ನಾನು ಮರೆತು ಎಡಗೈಯಲ್ಲಿ ಪೆನ್ನು ಕೊಟ್ಟರೆ ಅವನು ಅದನ್ನು ಮುಟ್ಟುತ್ತಿರಲಿಲ್ಲ. ಅಂಥವನು ಅದೇ ಕೈಯಲ್ಲಿ ಉಣ್ಣುವುದು ಹೇಗೆ? ಅವ್ವ ರೊಟ್ಟಿ ಮುರಿದು, ಪಲ್ಯ ಹಚ್ಚಿ, ಬಾಯಿಗೆ ತುತ್ತು ಇಡುತ್ತಿದ್ದಳು. ಅವನು ಗೋಡೆ ನೋಡುತ್ತ ಬಾಯಿ ತೆರೆಯುತ್ತಿದ್ದ. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಏನಾದರೂ ನೆಪ ಮಾಡಿ ಗ್ಯಾಲರಿಗೆ ಹೋಗಿ ನಿಲ್ಲುತ್ತಿದ್ದೆ.

ಗ್ಯಾಲರಿಯಿಂದ ಕೆಳಗೆ ನೋಡಿದರೆ ಅವನ ಕಾರು. ವರ್ಗವಾಗಿ ಊರು ಬಿಟ್ಟ ಅಧಿಕಾರಿಯೊಬ್ಬರಿಂದ ಕೊಂಡ, ಆಗಲೇ ಹಳತಾಗಿದ್ದ ಕಾರು. ರವಿವಾರ ಬಂತೆಂದರೆ ಅಪ್ಪ ಬನಿಯನ್ನಿನಲ್ಲೇ ಇಳಿದು ಹೋಗಿ ಬಾನೆಟ್ಟು ಎತ್ತುತ್ತಿದ್ದ. ಕೆಟ್ಟಿರಲಿ ಬಿಡಲಿ, ಏನನ್ನಾದರೂ ಬಿಚ್ಚಬೇಕು, ಒರೆಸಬೇಕು, ಮತ್ತೆ ಕೂರಿಸಬೇಕು. ವಾರವೆಲ್ಲ ಸಾಹೇಬರ ಫೈಲುಗಳನ್ನು ಎತ್ತಿಡುವವನಿಗೆ ಅದೊಂದೇ ಸ್ವಂತದ ಕೆಲಸ. ಅವ್ವ ಆ ಕಾರಿಗೆ ‘ನನ್ನ ಸವತಿ’ ಎನ್ನುತ್ತಿದ್ದಳು.

ಒಂದು ಸಂಜೆ ಅಪ್ಪ ಕುರ್ಚಿಯಿಂದಲೇ ಹೇಳಿದ, “ಅದನ್ನ ಮಾರಿಬಿಡ್ರಿ. ನಿಂತು ನಿಂತು ತುಕ್ಕು ಹಿಡೀಲಿಕತ್ತದ.”

“ಗಿರಾಕಿ ಬಂದ್ರ ನೋಡೂಣಂತ,” ಎಂದಳು ಅವ್ವ. ಸವತಿಯನ್ನು ಕಳಿಸುವ ಮಾತಿಗೆ ಅವಳ ದನಿಯಲ್ಲಿ ಒಂಚೂರೂ ಖುಷಿ ಇರಲಿಲ್ಲ.

ನನಗೆ ಭಯವಾಯಿತು. ಕಾರು ಹೋದರೆ ಈ ಮನುಷ್ಯ ಮೆಟ್ಟಿಲು ಇಳಿಯಲು ಬೇರೆ ಕಾರಣವೇ ಉಳಿಯುವುದಿಲ್ಲ, ಆ ಕುರ್ಚಿಯಿಂದ ಮಂಚ, ಮಂಚದಿಂದ ಮುಂದೆ ಎಲ್ಲಿಗೆ? ನನಗೆ ಭಯವಾದಾಗ ಸಿಟ್ಟು ಬರುತ್ತದೆ. “ಮಾರೋದಿಲ್ಲ. ಯಾರ್ ಕೇಳಿದ್ರು?” ಎಂದು ಇಬ್ಬರ ಮೇಲೂ ಹರಿಹಾಯ್ದೆ.

ಹರಿಹಾಯ್ದದ್ದೇನೋ ಆಯಿತು. ಆದರೆ ಅವನನ್ನು ಮತ್ತೆ ಕಾರಿನ ಕೆಲಸಕ್ಕೆ ಹಚ್ಚೋಣವೆಂದರೆ ಅವನ ಹಳೆಯ ಪಾನಾಗಳು, ಅಂದರೆ ಸ್ಪ್ಯಾನರುಗಳು, ಎಲ್ಲ ಎರಡು ಕೈ ಬೇಡುವಂಥವು. ಒಂದು ಕೈ ಪಾನಾವನ್ನು ನಟ್ಟಿಗೆ ಒತ್ತಿ ಹಿಡಿಯಬೇಕು, ಇನ್ನೊಂದು ತಿರುಗಿಸಬೇಕು. ಅರ್ಧ ಸುತ್ತಾಗುವ ಮೊದಲೇ ತೆಗೆದು ಮತ್ತೆ ಹಚ್ಚಬೇಕು. ಒಂದು ದಿನ ನನ್ನ ಆಫೀಸಿನ ದಾರಿಯ ಗ್ಯಾರೇಜಿನಲ್ಲಿ ಮೆಕಾನಿಕ್ಕನೊಬ್ಬ ಒಂದು ಕೈಯಲ್ಲಿ ಟಾರ್ಚು ಹಿಡಿದು, ಇನ್ನೊಂದರಲ್ಲಿ ಕಟಕಟ ಎನ್ನಿಸುತ್ತ ನಟ್ಟು ಬಿಚ್ಚುತ್ತಿದ್ದುದನ್ನು ಕಂಡೆ. ಹಿಡಿಕೆ ಹಿಂದೆ ಮುಂದೆ ಆಡುತ್ತಿತ್ತು, ನಟ್ಟು ಮಾತ್ರ ಒಂದೇ ದಿಕ್ಕಿಗೆ ತಿರುಗುತ್ತಿತ್ತು. ಅಂಗಡಿಯವರು ಅದನ್ನು ಸಾಕೆಟ್ ಸೆಟ್ ಎನ್ನುತ್ತಾರೆ, ಗ್ಯಾರೇಜಿನವರು ಗೋಟಿ ಪಾನಾ. ಗೋಟಿಯೆಂದರೆ ನಟ್ಟಿನ ಮೇಲೆ ಟೊಪ್ಪಿಗೆಯ ಹಾಗೆ ಕೂರುವ ಉಕ್ಕಿನ ಬಟ್ಟಲು; ಅದನ್ನು ಸಿಕ್ಕಿಸುವ ಹಿಡಿಕೆ ರ‍್ಯಾಚೆಟ್ಟು. ನಾನು ಅಲ್ಲೇ ನಿಂತು ಬಸ್ಸು ತಪ್ಪಿಸಿಕೊಂಡೆ.

ಮನೆಗೆ ಬಂದು ಅಪ್ಪನ ಪೆಟ್ಟಿಗೆ ತೆರೆದು ಯಾವ ಅಳತೆಯ ಪಾನಾಗಳು ಹೆಚ್ಚು ಸವೆದಿವೆ ಎಂದು ನೋಡಿದೆ. ಹತ್ತು, ಹದಿಮೂರು, ಹದಿನೇಳು. ಮರುದಿನ ಸಂಜೆ ರವಿವಾರ ಪೇಟೆಯ ಬೋಹರಿ ಆಳಿಗೆ ಹೋದೆ. ಹಾರ್ಡ್‌ವೇರ್ ಅಂಗಡಿಗಳ ಆ ಇಕ್ಕಟ್ಟು ಓಣಿಯಲ್ಲಿ ಒಬ್ಬ ವಯಸ್ಸಾದ ಅಂಗಡಿಕಾರ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಕುಣಾಸಾಠೀ?” ಎಂದು ಕೇಳಿದ. ಯಾರಿಗಾಗಿ ಎಂದು. ಹೆಂಗಸು ಪಾನಾ ಕೊಳ್ಳಬಂದರೆ ಅದು ತನಗಾಗಿ ಇರಲಿಕ್ಕಿಲ್ಲ ಎಂಬುದು ಅವನಿಗೆ ಖಾತ್ರಿ. ಆ ದಿನದ ಮಟ್ಟಿಗೆ ಅದು ನಿಜವೇ ಆಗಿದ್ದರಿಂದ ಜಗಳವಾಡಲಿಲ್ಲ.

ಅವನು ಮೊದಲು ತಂದಿಟ್ಟದ್ದು ದೊಡ್ಡ ಪೆಟ್ಟಿಗೆ. ತೆರೆದರೆ ಮದುವೆಯಲ್ಲಿ ಉಡುಗೊರೆ ಬಂದ ಚಹಾ ಸೆಟ್ಟಿನ ಹಾಗೆ ಎಲ್ಲವೂ ಫಳಫಳ. ಅಪ್ಪನ ಕಾರಿಗೆ ಈ ಜನ್ಮದಲ್ಲಿ ಬೇಡವಾದ ಅಳತೆಗಳೇ ಹೆಚ್ಚು. ಹಿಡಿಕೆಯಂತೂ ನನಗೇ ಭಾರ. ಸಣ್ಣ ಸೆಟ್ಟುಗಳನ್ನು ತೆಗೆಸಿದೆ. ಕೌಂಟರಿನ ತುದಿಗೆ ಕಚ್ಚಿಸಿದ್ದ ಬೋಲ್ಟಿನ ಮೇಲೆ ಒಂದೊಂದನ್ನೇ ಹಚ್ಚಿ ನೋಡಿದೆ. ಬಿಚ್ಚುವುದೋ ಬಿಗಿಯುವುದೋ ಎಂದು ದಿಕ್ಕು ಬದಲಿಸಲು ರ‍್ಯಾಚೆಟ್ಟಿನ ತಲೆಯ ಮೇಲೆ ಒಂದು ಗುಂಡಿ ಇರುತ್ತದೆ. ಅದನ್ನು ಹಿಡಿದ ಕೈಯ ಹೆಬ್ಬೆರಳೇ ತಿರುಗಿಸಬೇಕು, ಇನ್ನೊಂದು ಕೈಯ ನೆರವು ಕೂಡದು. ಹಾಗೆ ತಿರುಗುವ ಒಂದನ್ನು ಆರಿಸಿ, ದೊಡ್ಡ ಜಾಣೆಯ ಹಾಗೆ ಮನೆಗೆ ತಂದೆ.

ಅಪ್ಪ ಅದನ್ನು ಬಹಳ ಹೊತ್ತು ನೋಡಲೇ ಇಲ್ಲ. ನಾನು ಬೇಕೆಂದೇ ಅವನ ಎದುರು ಕೂತು ಕಟಕಟ ಎನ್ನಿಸುತ್ತ ಇದ್ದೆ. ಕೊನೆಗೆ, ನನ್ನ ಕಾಟ ತಡೆಯಲಾರದೆ ಇರಬೇಕು, ಎಡಗೈ ಚಾಚಿ ತೆಗೆದುಕೊಂಡ. ಹೆಬ್ಬೆರಳು ಗುಂಡಿಯ ಮೇಲೆ ಒತ್ತಿತು, ಜಾರಿತು. ಮತ್ತೆ ಒತ್ತಿತು, ಮತ್ತೆ ಜಾರಿತು.

“ನೀ ಯಾವ ಕೈಲೆ ನೋಡಿದ್ದಿ?” ಎಂದ.

ನಾನು ಎಡಗೈಯಲ್ಲಿ ಹಿಡಿದು ನೋಡಿದೆ. ನನ್ನ ಹೆಬ್ಬೆರಳೂ ಜಾರಿತು. ಎಡಗೈ ಮನುಷ್ಯನಿಗಾಗಿ ಕೊಳ್ಳಲು ಹೋದವಳು ಪ್ರತಿಯೊಂದನ್ನೂ ಬಲಗೈಯಿಂದಲೇ ಪರೀಕ್ಷಿಸಿ ಬಂದಿದ್ದೆ! ಅಂಗಡಿಯಲ್ಲಿ ಯಾರಾದರೂ ಏನಾದರೂ ಕೊಟ್ಟರೆ ಮುಂದೆ ಹೋಗುವುದು ಬಲಗೈ. ಅದನ್ನು ಯಾರೂ ಯೋಚಿಸಿ ಮಾಡುವುದಿಲ್ಲ. ಅಪ್ಪನ ಹಟಕ್ಕೆ ಅಷ್ಟು ದಿನ ಸಿಟ್ಟಾಗುತ್ತಿದ್ದ ನನಗೆ, ಅದು ಹಟವಲ್ಲ, ಮೈಯೊಳಗೇ ಇಳಿದುಬಿಟ್ಟ ಪಾಠ ಎಂದು ಆಗ ಹೊಳೆಯಿತು.

“ವಾಪಸ್ ಕೊಟ್ಟು ಬಾ,” ಎಂದ ಅಪ್ಪ. ನಾನು ಸೆಟ್ಟನ್ನು ಕಟ್ಟಿಡತೊಡಗಿದೆ. ಅಷ್ಟರಲ್ಲಿ ಮತ್ತೆ ಅವನೇ, “ಗುಂಡಿ ಬ್ಯಾಡ. ಉದ್ದನ್ನ ಕಡ್ಡಿ ಇರ್ತದ, ಅಂಥಾದ್ದು ಕೇಳು,” ಎಂದ. ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅಪ್ಪ ತನಗೆ ಇಂಥದ್ದು ಬೇಕು ಎಂದು ಬಾಯಿಬಿಟ್ಟು ಹೇಳಿ ಎಷ್ಟೋ ಕಾಲವಾಗಿತ್ತು.

ಮರುದಿನ ಆಫೀಸಿಗೆ ಮೊದಲೇ ಬೋಹರಿ ಆಳಿಗೆ ಓಡಿದೆ. ಅಂಗಡಿಕಾರ ಆಗಷ್ಟೇ ಬಾಗಿಲು ತೆರೆದು ಊದುಬತ್ತಿ ಹಚ್ಚುತ್ತಿದ್ದ. ಬದಲಿಸಿ ಕೊಡಲು ಗೊಣಗುತ್ತಲೇ ಒಪ್ಪಿದ. ಕಡ್ಡಿಯಿರುವ ರ‍್ಯಾಚೆಟ್ಟು ತೆಗೆದು ಮುಂದೆ ಹಿಡಿದ. ನಾನು ಈ ಸಲ ಎಚ್ಚರದಿಂದ ಎಡಗೈ ಚಾಚಿದೆ. ಅವನು ಬೆಂಕಿ ಮುಟ್ಟಿದವನಂತೆ ಹಿಂದಕ್ಕೆಳೆದುಕೊಂಡ.

“ತಾಈ, ಬೋಹನೀ ಆಹೆ. ಡಾವ್ಯಾ ಹಾತಾನೆ ನಕೋ.”

ದಿನದ ಮೊದಲ ವ್ಯಾಪಾರ, ಎಡಗೈಯಿಂದ ಬೇಡ ಎಂದು ಅವನ ಮಾತು. ಹಿಂದಿನ ಎಷ್ಟೋ ತಿಂಗಳ ಸಿಟ್ಟು ಒಮ್ಮೆಲೇ ಹೊರಬಿತ್ತು. ನಮ್ಮಪ್ಪನಿಗೆ ಇರುವುದು ಅದೊಂದೇ ಕೈ, ಅದು ನಿಮ್ಮ ಅಂಗಡಿಗೆ ಆಗುವುದಿಲ್ಲವಾದರೆ ಹೇಳಿಬಿಡಿ ಎಂದು ಮರಾಠಿಯಲ್ಲಿ ಕೂಗಾಡಿದೆ. ಕಣ್ಣಲ್ಲಿ ನೀರು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅವನು ಊದುಬತ್ತಿಯನ್ನು ದೇವರ ಪಟಕ್ಕೆ ಸಿಕ್ಕಿಸಿ, ಡಬ್ಬಿಯಿಂದ ಒಂದು ಸಣ್ಣ ಸ್ಕ್ರೂಡ್ರೈವರ್ ತೆಗೆದ. ಮೊದಲು ಇದನ್ನು ಬಲಗೈಯಿಂದ ಕೊಂಡುಕೊಳ್ಳಿ, ಬೋಹನಿ ಆಗಿಹೋಗಲಿ, ಆಮೇಲೆ ಯಾವ ಕೈಯಿಂದ ಬೇಕಾದರೂ ನೋಡಿ ಎಂದ. ನನಗೆ ನಗು ಬಂತು. ದೇವರೂ ಉಳಿದ, ಅಪ್ಪನೂ ಉಳಿದ. ಕೊಂಡೆ.

ಆಮೇಲೆ ಅವನೇ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈಯಿಂದ ಒಂದೊಂದೇ ರ‍್ಯಾಚೆಟ್ಟನ್ನು ಪರೀಕ್ಷೆ ಮಾಡತೊಡಗಿದ. ನಾನೂ ಹಾಗೇ ಮಾಡಿದೆ. ಇದರ ಕಡ್ಡಿ ಬಿಗಿ, ಅದರ ಹಿಡಿ ನುಣುಪು ಎಂದು ಬದಿಗಿಟ್ಟೆವು. ಗಿಡ್ಡ ಹಿಡಿಕೆಯ, ಗೀರು ಹಾಕಿದ್ದರಿಂದ ಬೆವರಿಗೂ ಜಾರದ ಒಂದನ್ನು ಆರಿಸಿದೆವು. ಗೋಟಿಗಳಲ್ಲಿ ಒಳಗೆ ಆರು ಮೂಲೆಯವು ಗಟ್ಟಿ ಎಂದು ಅವನ ವಾದ. ನಾನು ಹನ್ನೆರಡು ಮೂಲೆಯವನ್ನೇ ಹಿಡಿದು ಕೂತೆ. ಒಂದೇ ಕೈಯವನಿಗೆ ನಟ್ಟಿನ ಮೇಲೆ ಗೋಟಿ ಕೂರುವ ಕೋನ ಹುಡುಕುತ್ತ ನಿಲ್ಲಲಾಗದು, ಹೇಗಿಟ್ಟರೂ ಕೂರಬೇಕು. ಅವನು ಯೋಚಿಸಿ, ಹೌದು ಎಂದ. ಹಿಡಿಕೆ ಒಂದು ಪೆಟ್ಟಿಗೆಯದು, ಗೋಟಿಗಳು ಇನ್ನೊಂದರವು. ನೋಡಲು ಸೆಟ್ಟು ಎನ್ನುವಂತೇನೂ ಇರಲಿಲ್ಲ.

ರವಿವಾರ ಬೆಳಿಗ್ಗೆ ಅಪ್ಪ ತಾನಾಗಿಯೇ ಮೆಟ್ಟಿಲಿಳಿದ. ಸ್ಟೂಲಿನ ಮೇಲೆ ಕೂರಿಸಿ ನಾನು ಬಾನೆಟ್ಟು ಎತ್ತಿದೆ. ಮೊದಲು ಬ್ಯಾಟರಿಯ ನಟ್ಟು. ಗೋಟಿ ಒಮ್ಮೆಗೇ ಕೂತಿತು. ಹೆಬ್ಬೆರಳು ಕಡ್ಡಿಯನ್ನು ತಳ್ಳಿತು, ಹಿಡಿಕೆ ಆಡಿತು, ನಟ್ಟು ಸಡಿಲಾಯಿತು. ಅವನು ನನ್ನನ್ನು ನೋಡಲಿಲ್ಲ, ಮುಂದಿನ ನಟ್ಟನ್ನು ನೋಡಿದ. ಕೈ ಹಚ್ಚಲು ಹೋದ ನನಗೆ “ಸರಿ ಅತ್ಲಾಗ, ಬೆಳಕಿಗೆ ಅಡ್ಡ ನಿಂತೀದಿ,” ಎಂದು ಬೈದ. ಬೈಸಿಕೊಂಡು ಅಷ್ಟು ಸಂತೋಷಪಟ್ಟದ್ದು ನನಗೆ ಬೇರೆ ನೆನಪಿಲ್ಲ. ಮಧ್ಯಾಹ್ನದ ಹೊತ್ತಿಗೆ ಏರ್ ಫಿಲ್ಟರು ಹೊರಗೆ ಬಂದು, ಸ್ವಚ್ಛವಾಗಿ, ಮತ್ತೆ ತನ್ನ ಜಾಗದಲ್ಲಿ ಕೂತಿತ್ತು.

ಮೇಲೆ ಬಂದು ಸೋಪು ಹಚ್ಚಿದ ನನ್ನ ಅಂಗೈಗೆ ತನ್ನ ಅಂಗೈ ತಿಕ್ಕಿ ಗ್ರೀಸು ತೊಳೆದುಕೊಂಡ. ಊಟಕ್ಕೆ ಕೂತ. ಅವ್ವ ಎಂದಿನಂತೆ ರೊಟ್ಟಿ ಮುರಿದು, ಪಲ್ಯ ಹಚ್ಚಿ, ತುತ್ತನ್ನು ಅವನ ಬಾಯಿಯ ಹತ್ತಿರ ಒಯ್ದಳು. ಅವನು ತಾಟನ್ನು ತನ್ನ ಕಡೆ ಎಳೆದುಕೊಂಡ.

“ಎಡಗೈರೀ ಅದು,” ಎಂದಳು ಅವ್ವ, ಮೆಲ್ಲಗೆ.

“ಹೌದು. ಇವತ್ತ ದುಡಿದದ್ದು ಇದ ಕೈ. ಉಣ್ಣಲಿ.”

ರೊಟ್ಟಿ ಸರಿಯಾಗಿ ಮುರಿಯಲಿಲ್ಲ, ಪಲ್ಯ ಅರ್ಧ ತಾಟಿನಾಚೆ ಬಿತ್ತು. ಅಪ್ಪ ಗೋಡೆ ನೋಡದೆ ತಾಟು ನೋಡಿಕೊಂಡು ಉಣ್ಣುತ್ತಿದ್ದ. ಅವ್ವನ ಕೈಯಲ್ಲಿ ತುತ್ತು ಹಾಗೇ ಉಳಿದಿತ್ತು. ಸ್ವಲ್ಪ ಹೊತ್ತು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕೂತಿದ್ದು, ಆಮೇಲೆ ತಾನೇ ಬಾಯಿಗೆ ಹಾಕಿಕೊಂಡಳು.